ಕರ್ತನ ಮೇಜಿಗೆ ರೊಟ್ಟಿ ಸುಡುವ ಸುಗುಣಾಬಾಯಿ

ನಾಸಿಕ್ ರೋಡ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇನ್ನೂ ನಸುಕು. ಮುಂಬಯಿಯ ಗಾಡಿಯೊಂದು ಸಿಳ್ಳು ಹಾಕಿ ದಾಟಿ ಹೋದ ಮೇಲೆ ಮತ್ತೆ ಎಲ್ಲವೂ ಗಪ್‌ಚಿಪ್. ಕ್ರೈಸ್ತ ದೇವಾಲಯದ ಹಿತ್ತಲಿಗೆ ಅಂಟಿಕೊಂಡ ಒಂದೂವರೆ ಕೋಣೆಯ ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸುಗುಣಾಬಾಯಿ ಶೆಗಡಿ ಒಲೆಗೆ ಇದ್ದಿಲು ತುಂಬಿ ಗಾಳಿ ಹಾಕುತ್ತಿದ್ದಾರೆ. ಪಕ್ಕದಲ್ಲಿ ಮಗಳು ಪ್ರೇಮಾ ಪರಾತದ ಅಗಲ ತಟ್ಟೆಯ ಮುಂದೆ ಮಂಡಿಯೂರಿ ಗೋಧಿ ಹಿಟ್ಟು ನಾದುತ್ತಿದ್ದಾಳೆ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದ ಕೈ, ತಲೆಗೆ ಬಿಗಿದ ಬಿಳಿ ವಸ್ತ್ರ. ಅವ್ವ ಬೆರಳಿನಿಂದ ಹಿಟ್ಟನ್ನು ಒತ್ತಿ ನೋಡಿ “ಇನ್ನೊಂದೀಟು” ಎನ್ನುತ್ತಾರೆ. ಮಗಳು ಮತ್ತೆ ನಾದುತ್ತಾಳೆ.

ಇವತ್ತು ತಿಂಗಳ ಮೊದಲ ಭಾನುವಾರ. ಬೆಳಗಿನ ಆರಾಧನೆಯಲ್ಲಿ, ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟದ ನೆನಪಿಗೆ, ಕರ್ತನ ರಾತ್ರಿಭೋಜನವಿದೆ. ಪಾಸ್ಟರರು ಮುರಿದು ಹಂಚುವ ರೊಟ್ಟಿ ಈ ಪರಾತದಿಂದಲೇ ಹೋಗಬೇಕು. ಅದಕ್ಕೆ ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯ ಹನಿ ಸೋಕಿಸುವಂತಿಲ್ಲ. ಸಣ್ಣ ಉರಿಯಲ್ಲಿ ಹಂಚಿನ ಮೇಲೆ ನಿಧಾನವಾಗಿ ಬೇಯಬೇಕು. ಕಪ್ಪು ಕಲೆ ಬಿದ್ದದ್ದು ಓಣಿಯ ಆಕಳಿಗೆ.

“ಮನ್ಯಾಗಿನ ಚಪಾತಿ ಹ್ಯಾಂಗಿದ್ರೂ ನಡೀತದ್ರಿ. ಗಂಡ ಎರಡು ಮಾತು ಬೈತಾನ, ಮುಗೀತು. ಇದನ್ನ ಕೈಯಾಗ ಹಿಡಕೊಂಡು ಮಂದಿ ಕಣ್ಣು ಮುಚ್ತಾರ. ಕಲ್ಲಿನಂಗ ಇದ್ರ ಅವರು ಪ್ರಾರ್ಥನಾ ಹ್ಯಾಂಗ ಮಾಡ್ಬೇಕು ಹೇಳ್ರಿ?” ಎಂದು ಸುಗುಣಾಬಾಯಿ ನಗುತ್ತಾರೆ.

ತವರು ಗದಗದ ಹತ್ತಿರದ ಬೆಟಗೇರಿ. ಅಪ್ಪ ಮಿಷನ್ನಿನವರ ನೇಯ್ಗೆಯ ಕಾರ್ಖಾನೆಯಲ್ಲಿ ಮಗ್ಗಕ್ಕೆ ಕೂತವರು. ಗಂಡ ಜಯಕರ ಫಿಟ್ಟರ್ ಕೆಲಸ ಕಲಿತವರು. ಓಝರ್‌ನಲ್ಲಿ ವಿಮಾನದ ಕಾರ್ಖಾನೆ ಶುರುವಾದಾಗ ಕನ್ನಡದ ಕಡೆಯಿಂದ ಬಂದವರ ಗುಂಪಿನಲ್ಲಿ ಅವರೂ ಒಬ್ಬರು. ಬಾಡಿಗೆಗೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಾಗ ಈ ದೇವಾಲಯದವರು, ನಿನ್ನ ಹೆಂಡತಿ ಕಸ ಗುಡಿಸಿ ಗಂಟೆ ಹೊಡೆಯುವುದಾದರೆ ಹಿತ್ತಲಿನ ಕೋಣೆ ನಿಮ್ಮದು ಎಂದರಂತೆ. ಅಂದಿನಿಂದ ಜಯಕರ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹಿಡಿಯುತ್ತಾರೆ, ಸುಗುಣಾಬಾಯಿ ಕಸಬರಿಗೆ ಹಿಡಿಯುತ್ತಾರೆ.

ಬೆಂಚು ಒರೆಸುವುದು, ಬಾವಲಿಗಳ ಹಿಕ್ಕೆ ಕೆರೆಯುವುದು, ನೀರು ತುಂಬುವುದು, ದ್ರಾಕ್ಷಾರಸ ಹಂಚುವ ಬೆರಳಿನಷ್ಟುದ್ದದ ಗಾಜಿನ ಲೋಟಗಳನ್ನು ಒಂದೂ ಒಡೆಯದಂತೆ ತೊಳೆದು ಬೋರಲು ಹಾಕುವುದು, ಯಾರದಾದರೂ ಮದುವೆ ನಡೆದ ಮರುದಿನ ಮೂಲೆಮೂಲೆಯಿಂದ ಅಕ್ಷತೆಯಂತೆ ಎರಚಿದ ಕಾಗದದ ಚೂರು ಹೆಕ್ಕುವುದು ಎಲ್ಲವೂ ಅವರ ಪಾಲಿನದೇ. ದೇವಾಲಯದ ಗೋಡೆಯ ಮೇಲೆ ಅಡಿಗಲ್ಲು ಇಟ್ಟವರ, ಬೆಂಚು ಕೊಟ್ಟವರ, ಗಂಟೆ ತರಿಸಿದವರ ಹೆಸರುಗಳಿವೆ. ಗಂಟೆ ಬಾರಿಸುವವರ ಹೆಸರು ಎಲ್ಲಿಯೂ ಇಲ್ಲ. ಇರಬೇಕಿತ್ತೆಂದು ಸುಗುಣಾಬಾಯಿಗೂ ಅನ್ನಿಸಿದಂತಿಲ್ಲ.

ಅವರಿಗೆ ಇದ್ದ ಚಿಂತೆ ಒಂದೇ, ಪ್ರೇಮಾ. ಹುಡುಗಿಗೆ ಇಪ್ಪತ್ತು ದಾಟಿದೆ. ಹುಟ್ಟಿದಾಗಿನಿಂದ ಬುದ್ಧಿ ಹಿಂದೆ ಬಿದ್ದಿದೆ, ಬಾಯಲ್ಲಿ ಮಾತು ಬೆರಳೆಣಿಕೆಯಷ್ಟು. “ಅವ್ವಾ”, “ಬ್ಯಾಡ”, “ಆತು”. ಕನ್ನಡವೋ ಮರಾಠಿಯೋ ಎಂದು ತಕರಾರು ತೆಗೆಯುವಷ್ಟೂ ಇಲ್ಲ. ಅವರ ಕ್ರೈಸ್ತ ಸಭೆಯಲ್ಲಿ ಮಗುವಾಗಿದ್ದಾಗ ದೀಕ್ಷಾಸ್ನಾನ ಕೊಡುತ್ತಾರೆ. ಬೆಳೆದ ಮೇಲೆ ವಿಶ್ವಾಸಪ್ರಮಾಣ, ಹತ್ತು ಆಜ್ಞೆಗಳನ್ನು ಬಾಯಿಪಾಠ ಒಪ್ಪಿಸಿ ದೃಢೀಕರಣ ಪಡೆದವರಿಗಷ್ಟೇ ರಾತ್ರಿಭೋಜನ. ಪ್ರೇಮಾ ಆ ತರಗತಿಗೆ ವರ್ಷಗಟ್ಟಲೆ ಹೋದಳು. ಜೊತೆಗೆ ಕೂತ ಹುಡುಗಿಯರು ಪಾಠ ಒಪ್ಪಿಸಿ, ಮದುವೆಯಾಗಿ, ಕೂಸು ಎತ್ತಿಕೊಂಡು ಬಂದರು. ಪ್ರೇಮಾ ಹಿಂದಿನ ಬೆಂಚಿನಲ್ಲೇ ಉಳಿದಳು.

ಬೆಟಗೇರಿಯ ಸಭೆಯಲ್ಲಿ ಸುಗುಣಾಬಾಯಿ ಕಂಡ ವಾಡಿಕೆಯೊಂದಿತ್ತು. ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ರೊಟ್ಟಿ ಮಿಕ್ಕಿದ್ದರೆ ಇನ್ನೂ ರಾತ್ರಿಭೋಜನದ ಮೇಜಿಗೆ ಬರಲಾಗದ ಮಕ್ಕಳ ಕೈಗೆ ಹಾಕುವುದು. ನಾಸಿಕ್ಕಿನಲ್ಲೂ ಅವರು ಅದನ್ನೇ ನಡೆಸಿದರು. ಎಲ್ಲರೂ ಹೊರಗೆ ಹೋದ ಮೇಲೆ ಪ್ರೇಮಾ ದೇವಾಲಯದ ಒಳಕೋಣೆಗೆ ಬಂದು ಅಂಗೈ ಚಾಚುತ್ತಿದ್ದಳು. ಅವ್ವ ಒಂದು ತುಣುಕು ಇಡುತ್ತಿದ್ದರು. ತಿಂದು “ಆತು” ಎನ್ನುತ್ತಿದ್ದಳು. ಪಾಸ್ಟರ್ ಸದಾನಂದರಿಗೂ ಇದು ಗೊತ್ತಿತ್ತು. ಕಂಡೂ ಕಾಣದಂತೆ ಆರಾಧನೆಯ ನಿಲುವಂಗಿ ಮಡಚುತ್ತಿದ್ದರು.

ಅಷ್ಟರಲ್ಲಿ ಉತ್ತರ ಭಾರತದ ಕಡೆಯ ಬೇರೆಬೇರೆ ಪಂಥದ ಕೆಲವು ಕ್ರೈಸ್ತ ಸಭೆಗಳು ಕೂಡಿ ಒಂದಾದವು. ಬಿಷಪ್ಪರಿದ್ದ ಸಭೆ, ಬಿಷಪ್ಪರೇ ಬೇಡವೆಂದಿದ್ದ ಸಭೆ, ಎರಡೂ ಒಂದೇ ಮನೆಯ ಸೊಸೆಯಂದಿರಾದವು. ಒಂದೇ ಮನೆ ಎಂದ ಮೇಲೆ ಒಲೆಯ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಸಮಿತಿಗಳು. ಉಪದೇಶಕ್ಕೊಂದು, ಆರಾಧನೆಗೊಂದು, ಇನ್ನೂ ಹೊರಗೇ ಉಳಿದ ನೆರೆಯ ಸಭೆಗಳೊಂದಿಗಿನ ಮಾತುಕತೆಗೊಂದು. ಒಬ್ಬರಿಗೆ ಒಂದೇ ದೊಡ್ಡ ಪಾತ್ರೆಯಿಂದ ದ್ರಾಕ್ಷಾರಸ ಕುಡಿದರೆ ಸಮಾಧಾನ, ಇನ್ನೊಬ್ಬರಿಗೆ ಸಣ್ಣ ಲೋಟವೇ ಬೇಕು. ಮಂಡಿಯೂರಿ ತಗೊಳ್ಳಬೇಕೋ ನಿಂತು ತಗೊಳ್ಳಬೇಕೋ ಎಂಬುದಕ್ಕೇ ಒಂದಿಡೀ ಶನಿವಾರ ಹೋಯಿತು. ಕೊನೆಗೆ, ಮಂಡಿ ನೋವಿಲ್ಲದವರು ಊರಲಿ ಎಂದಾಯಿತು. ನಗಬೇಡಿ. ಈ ಸಮಿತಿಯವರೂ ಕೈಯಿಂದ ಟಿಕೆಟ್ ದುಡ್ಡು ತೆತ್ತು ಸಟಾಣಾದಿಂದ, ಗಂಗಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ನಿಂತೇ ಬರುವವರು. ಹಿಂದೊಮ್ಮೆ ಒಬ್ಬರ ಮನೆಯ ಮದುವೆಗೆ ಒಬ್ಬರು ಹೋಗದಷ್ಟು ದೂರವಿದ್ದವರನ್ನು ಒಂದು ಮೇಜಿಗೆ ಕೂರಿಸುವುದು ಹುಡುಗಾಟವಲ್ಲ.

ಹೀಗೆ ಒಂದಾದ ಮೇಲೆ ಈ ಸಭೆಗೆ ಹಿರಿಯರಾಗಿ ಬಂದವರು ದಿನಕರರಾವ್ ಉಜಗರೆ. ನಿವೃತ್ತ ಮೇಷ್ಟರು, ಊರೊಳಗಿನ ಹಳೆಯ ಕಲ್ಲಿನ ದೇವಾಲಯದ ಸಂಪ್ರದಾಯದಲ್ಲಿ ಬೆಳೆದವರು. ಆ ಕಡೆ ಆಶೀರ್ವದಿಸಿದ ರೊಟ್ಟಿ ಮತ್ತೆ ಬರೀ ರೊಟ್ಟಿಯಾಗುವುದಿಲ್ಲ. ಪುಡಿಯನ್ನೂ ಬಿಡದೆ ಪಾದ್ರಿಯೇ ಮೇಜಿನ ಬಳಿ ತಿಂದು ಮುಗಿಸಬೇಕು. ಕನ್ನಡಕ ಮರೆತು ಒಳಕೋಣೆಗೆ ವಾಪಸು ಬಂದ ಉಜಗರೆಯವರು ಕಂಡದ್ದು, ಮೂಲೆಯಲ್ಲಿ ನಿಂತು ರೊಟ್ಟಿ ತಿನ್ನುತ್ತಿದ್ದ ಪ್ರೇಮಾಳನ್ನು. ಕೂಗಾಡಲಿಲ್ಲ. ಹೊರಗೆ ಕಾಯುತ್ತಿದ್ದ ಪಾಸ್ಟರರ ಹತ್ತಿರ ಹೋಗಿ, “ಇದು ಸಮಿತಿಗೆ ಹೋಗಬೇಕು” ಎಂದಷ್ಟೇ ಹೇಳಿದರು.

ಸಮಿತಿ ಕೂಡುವವರೆಗೆ ಮಿಕ್ಕಿದ್ದನ್ನು ಯಾರಿಗೂ ಕೊಡಬಾರದೆಂದು ಪಾಸ್ಟರ್ ಸದಾನಂದ ಹೇಳಿದರು. ಮುಂದಿನ ತಿಂಗಳು ಪ್ರೇಮಾ ಎಂದಿನಂತೆ ಒಳಕೋಣೆಗೆ ಬಂದಳು, ಅಂಗೈ ಚಾಚಿದಳು. ಅವ್ವ ಆ ಕೈ ಮಡಚಿ ಹೊರಗೆ ಕರೆದುಕೊಂಡು ಬಂದರು. ಅದರ ಮುಂದಿನ ತಿಂಗಳೂ ಅದೇ ಕತೆ.

“ಮೂರನೇ ಸಲ ಹಿಟ್ಟು ಕಲಸಿ ಇಟ್ಟೆ, ಆಕಿ ನಾದಲಿಲ್ರಿ. ಕೈ ಹಿಂದ ಕಟ್ಟಿಕೊಂಡು ಕುಂತ್ಲು. ತನ್ನದು ಏನೋ ತಪ್ಪಾಗೇದ, ಅದಕ್ಕ ಅವ್ವ ಕೊಡವಲ್ಲಳು ಅಂತ ಆಕಿ ತಲ್ಯಾಗ ಕುಂತಿರಬೇಕು. ಆವತ್ತು ನಾ ಒಬ್ಬಾಕಿನ ನಾದಿದೆ. ಯಾರ ಮ್ಯಾಲ ಸಿಟ್ಟಾಗ್ಬೇಕು ಅದೂ ತಿಳೀವಲ್ದಾಗಿತ್ತು.”

ಉಪದೇಶ ಸಮಿತಿ ಕೂಡಿದ್ದು ಔರಂಗಾಬಾದಿನಲ್ಲಿ. ಸುಗುಣಾಬಾಯಿಗೆ ಕರೆ ಇರಲಿಲ್ಲ, ಹೇಳಿಕೆ ಕೊಡಲು ಉಜಗರೆಯವರನ್ನು ಮಾತ್ರ ಕರೆದಿದ್ದರು. “ನನ್ನ ಮಗಳ ಮಾತು ನಾ ಇಲ್ಲದ ಕಡೆ ಆಗಬಾರ್ದು” ಎಂದು ಸುಗುಣಾಬಾಯಿ ತಾವೇ ಹೊರಟರು, ಪ್ರೇಮಾಳ ಕೈ ಹಿಡಿದುಕೊಂಡು. ಮನಮಾಡಿನಲ್ಲಿ ಗಾಡಿ ಬದಲಿಸಿ ಸಣ್ಣ ಗಾಡಿ ಹತ್ತಿದರೆ ಎದುರಿನ ಸೀಟಿನಲ್ಲಿ ಉಜಗರೆ! ದೂರು ಕೊಟ್ಟವರೂ ದೂರಿಗೆ ಒಳಗಾದವರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುವಂತಾಯಿತು. ಮುಂದಿನ ಸ್ಟೇಷನ್ನಿನಲ್ಲಿ ಉಜಗರೆ ಪ್ರೇಮಾಳಿಗೆ ಬಾಳೆಹಣ್ಣು ಕೊಡಿಸಿದರು. ಸುಗುಣಾಬಾಯಿ ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ಕೊಟ್ಟರು. ಮೇಷ್ಟರು ಬೇಡವೆನ್ನಲಿಲ್ಲ.

ಸಮಿತಿಯ ಮುಂದೆ ಸುಗುಣಾಬಾಯಿ ತಮ್ಮ ಹರಕುಮುರುಕು ಮರಾಠಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರು. ಹಿರಿಯ ಸದಸ್ಯೆ ಮನೋರಮಾಬಾಯಿ, ನರ್ಸ್ ಕೆಲಸದಲ್ಲಿ ತಲೆ ನರೆತವರು, ಮೆತ್ತಗೆ ಕೇಳಿದರು: “ಇದು ಎಂಥ ರೊಟ್ಟಿ ಅಂತ ಆಕೆಗೆ ತಿಳಿಯುತ್ತದೆಯೇನಮ್ಮ?” ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಇದು ಕರ್ತನ ದೇಹವೆಂದು ವಿವೇಚಿಸದೆ ತಿನ್ನಬಾರದೆಂದು ಬೈಬಲಿನಲ್ಲೇ ಇದೆ.

“ಏನ್ ಹೇಳ್ಬೇಕಿತ್ರಿ ನಾನು? ಆಕಿ ಬಾಯಿ ಬಿಟ್ಟು ಹೇಳಂಗಿಲ್ಲ. ನಾ ನೋಡಿದ್ದನ್ನ ಹೇಳಿದೆ. ಮನ್ಯಾಗ ಹಿಟ್ಟು ನಾದೂ ಮುಂದ ಅರ್ಧ ಹಿಟ್ಟು ಆಕಿ ಬಾಯಾಗ ಹೋಗ್ತದ. ಹಸಿ ಹಿಟ್ಟಂದ್ರ ಪ್ರಾಣ. ಬೆನ್ನಿಗೆ ಗುದ್ದಿದ್ರೂ ಬಿಡಂಗಿಲ್ಲ. ಈ ಹಿಟ್ಟು ನಾದೂ ಮುಂದ ಒಂದ್ ದಿನಾನೂ ಬಟ್ಟು ನೆಕ್ಕಿಲ್ರಿ. ನಾ ಬ್ಯಾಡ ಅಂತ ಹೇಳೇ ಇಲ್ಲ. ಆಕಿ ತಾನಾಗೇ ಮುಟ್ಟಂಗಿಲ್ಲ.”

ಆ ಒಂದು ಮಾತಿಗೆ ಸಮಿತಿ ಕರಗಿತು ಎಂದು ಬರೆದರೆ ಓದುಗರಿಗೆ ಹಿತವಾಗುತ್ತದೆ, ಆದರೆ ಹಾಗಾಗಲಿಲ್ಲ. ಮಧ್ಯಾಹ್ನವಿಡೀ ವಾದ ನಡೆಯಿತು. ತಿಳಿವಳಿಕೆಯಿಲ್ಲದ ಕೂಸಿಗೆ ದೀಕ್ಷಾಸ್ನಾನ ಕೊಡುವ ನಾವು ಇವಳಿಗೆ ಮಾತ್ರ ಬಾಯಿಪಾಠ ಕೇಳುವುದು ಯಾವ ನ್ಯಾಯ ಎಂದರು ಒಬ್ಬರು. ಇವತ್ತು ಇವಳಿಗೆ ಬಾಗಿಲು ತೆರೆದರೆ ನಾಳೆ ಪಾಠ ಕಲಿಯಲು ಸೋಮಾರಿಗಳಾದವರೆಲ್ಲ ಬಂದು ನಿಲ್ಲುತ್ತಾರೆ, ಮಾತುಕತೆಗೆ ಕೂತಿರುವ ನೆರೆಯ ಸಭೆಯವರಿಗೆ ಏನು ಹೇಳೋಣ ಎಂದರು ಮತ್ತೊಬ್ಬರು. ಎರಡೂ ತೂಕದ ಮಾತುಗಳೇ. ಪ್ರೇಮಾ ಮಾತ್ರ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು.

ಕೊನೆಗೆ ಉಜಗರೆಯವರ ಸರದಿ. ಎದ್ದು ನಿಂತವರು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ತಕರಾರು ಹುಡುಗಿಯ ಮೇಲಲ್ಲ” ಎಂದರು. “ಒಳಕೋಣೆಯ ಮೂಲೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಕೊಡುವ ವಸ್ತುವೇ ಅದು? ಕೊಡಬಾರದು ಎಂದಿದ್ದರೆ ಕೊಡಬೇಡಿ. ಕೊಡುವುದಾದರೆ ಎಲ್ಲರ ಎದುರಿಗೆ ಕೊಡಿ.” ಸುಗುಣಾಬಾಯಿ ತಲೆ ಎತ್ತಿ ಅವರನ್ನು ನೋಡಿದರು. ಮೂರು ತಿಂಗಳಿಂದ ಮನಸ್ಸಿನಲ್ಲೇ ಶಪಿಸುತ್ತಿದ್ದ ಮನುಷ್ಯ ಇವರೇನಾ ಎನ್ನಿಸಿತಂತೆ.

ತೀರ್ಮಾನ ಹೀಗಾಯಿತು. ಮಿಕ್ಕ ರೊಟ್ಟಿಯನ್ನು ಇನ್ನು ಮುಂದೆ ಮೇಜಿನ ಬಳಿಯೇ ಪಾಸ್ಟರರು ಮತ್ತು ಹಿರಿಯರು ತಿಂದು ಮುಗಿಸಬೇಕು, ಯಾರಿಗೂ ಕೊಡಕೂಡದು. ಪ್ರೇಮಾಳ ವಿಷಯದಲ್ಲಿ, ಆಕೆ ಈ ರೊಟ್ಟಿಯನ್ನು ಬೇರೆಯೆಂದು ಬಲ್ಲಳೆಂದು ಪಾಸ್ಟರರಿಗೆ ಮನವರಿಕೆಯಾದರೆ, ಕೂಸಿನ ದೀಕ್ಷಾಸ್ನಾನದಲ್ಲಿ ದೊಡ್ಡವರು ಹೇಳುವಂತೆ ಸಭೆಯ ಒಬ್ಬರು ಆಕೆಯ ಪರವಾಗಿ ವಿಶ್ವಾಸಪ್ರಮಾಣ ಹೇಳಲಿ. ನೆರೆಯ ಸಭೆಗಳಿಗೂ ಇದನ್ನು ಮುಚ್ಚಿಡದೆ ತಿಳಿಸಬೇಕು.

ಪಾಸ್ಟರ್ ಸದಾನಂದ ಒಂದು ನಸುಕಿನಲ್ಲಿ ಸುಗುಣಾಬಾಯಿಯ ಹೊಸ್ತಿಲ ಮೇಲೆ ಬಂದು ಕೂತರು. ಅವ್ವ ಕೈ ಹಿಡಿದು ಹಿಟ್ಟಿನ ಮುಂದೆ ಕೂರಿಸಿದ ಮೇಲೆ ಪ್ರೇಮಾ ಮತ್ತೆ ನಾದಿದ್ದನ್ನು ಕೊನೆಯವರೆಗೂ ನೋಡಿದರು, ಚಹಾ ಕುಡಿದು ಎದ್ದು ಹೋದರು. ಅದೇ ದಿನ ಆರಾಧನೆಯಲ್ಲಿ ಆಕೆಯ ಹೆಸರು ಕರೆದರು. ಪರವಾಗಿ ಹೇಳುವವರು ಯಾರು? ಸುಗುಣಾಬಾಯಿಗೆ ವಿಶ್ವಾಸಪ್ರಮಾಣ ಬರುವುದು ಕನ್ನಡದಲ್ಲಿ. ಇಲ್ಲಿಯ ಆರಾಧನೆ ನಡೆಯುವುದು ಮರಾಠಿಯಲ್ಲಿ. ಎರಡನೆಯ ಬೆಂಚಿನಿಂದ ಉಜಗರೆ ಎದ್ದು ಬಂದು, ಪ್ರೇಮಾಳ ಪಕ್ಕದಲ್ಲಿ ನಿಂತು, ತರಗತಿಯಲ್ಲಿ ಪಾಠ ಹೇಳುವ ಗಟ್ಟಿ ದನಿಯಲ್ಲಿ ಮೊದಲಿಂದ ಕೊನೆಯವರೆಗೆ ಹೇಳಿದರು.

ಪಾಸ್ಟರರು ಅಂಗೈಯಲ್ಲಿ ರೊಟ್ಟಿ ಇಟ್ಟರು. ಪ್ರೇಮಾ ತಿನ್ನಲಿಲ್ಲ. ಹಿಡಿದುಕೊಂಡು ನಿಂತೇ ಇದ್ದಳು. ಎಲ್ಲರದ್ದೂ ಆಗಿ, ದೇವಾಲಯ ಖಾಲಿಯಾದ ಮೇಲೆ ತನ್ನದು ಎಂಬುದಷ್ಟೇ ಆಕೆ ಕಂಡ ಪದ್ಧತಿ. ಹಿಂದೆ ಸಾಲು ನಿಂತಿತು. ಯಾರೂ ಅವಸರ ಮಾಡಲಿಲ್ಲ. ಸುಗುಣಾಬಾಯಿ ಸಾಲಿನಿಂದ ಮುಂದೆ ಬಂದು ಮಗಳ ಕಿವಿಯಲ್ಲಿ ಏನೋ ಹೇಳಿದರು. ಆಗ ತಿಂದಳು. “ಆತು” ಎಂದಳು, ದೇವಾಲಯಕ್ಕೆಲ್ಲ ಕೇಳುವ ಹಾಗೆ.

ಈಗ ಹಂಚಿನ ಮೇಲೆ ಕೊನೆಯ ರೊಟ್ಟಿ ಬೇಯುತ್ತಿದೆ, ಹೊರಗೆ ಬೆಳಕು ಹರಿದಿದೆ. ಗಂಟೆ ಬಾರಿಸುವ ಹೊತ್ತಾಯಿತೆಂದು ಸುಗುಣಾಬಾಯಿ ಸೆರಗು ಸಿಕ್ಕಿಸಿಕೊಂಡು ಏಳುತ್ತಾರೆ. ಆವತ್ತು ಕಿವಿಯಲ್ಲಿ ಏನು ಹೇಳಿದಿರಿ ಎಂದರೆ ಮೊದಲು ನಾಚುತ್ತಾರೆ.

“ಏನಿಲ್ರಿ, ‘ತಿನ್ನವ್ವಾ, ಇದು ನಿಂದ’ ಅಂದೆ. ಇಷ್ಟು ವರ್ಷ ಆಕಿಗೆ ಮಿಕ್ಕಿದ್ದು ಕೊಟ್ಟೆ, ಅದೂ ಕದ್ದು. ಮಗಳಿಗೆ ಭಾಳ ಉಪಕಾರ ಮಾಡೀನಿ ಅಂತ ತಿಳಕೊಂಡಿದ್ದೆ. ಈಗ ಮಿಕ್ಕಿದ್ದು ಅಂತ ಆಕಿಗೆ ಯಾರೂ ಕೊಡೂದಿಲ್ರಿ. ಆಕಿದು ಆಕಿಗೆ ಕೊಡ್ತಾರ.”