ದೊಡ್ಡಮ್ಮನ ಮೂಕಿ ಚಿತ್ರಗಳು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವರು ದೊಡ್ಡಮ್ಮ. ಯಾವ ಲೈನು ಕೆಟ್ಟಿದೆ, ಯಾವುದು ಕೆಟ್ಟಂತೆ ನಟಿಸುತ್ತಿದೆ ಎಂದು ಸದ್ದಿನಲ್ಲೇ ಹೇಳಿಬಿಡುತ್ತಿದ್ದರು. ಅಂಥವರಿಗೇ ಮನೆಯಲ್ಲಿ 'ಮೂಕಿ ಚಿತ್ರಗಳ ರಾಣಿ' ಎಂಬ ಬಿರುದು ಅಂಟಿಕೊಂಡಿತ್ತು. ಕೊಟ್ಟವರು ಬೇರಾರೂ ಅಲ್ಲ, ಕಟ್ಟಿಕೊಂಡ ಗಂಡ.

ಸಹೋದ್ಯೋಗಿಯೊಬ್ಬರ ವಿಡಿಯೋ ಕ್ಯಾಮೆರಾ ಎರವಲು ತಂದು ದೊಡ್ಡಮ್ಮ ಒಂದು ಕಾಲದಲ್ಲಿ ಮನೆಯವರನ್ನೆಲ್ಲ ಸೆರೆಹಿಡಿದಿದ್ದರು. ಮುಂದೆ ಅಂಗಡಿಗೆ ಕೊಟ್ಟು ಆ ಕ್ಯಾಸೆಟ್ಟುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿಸಿದರು. ಮೂರು ಡಿಸ್ಕು, ಒಂದೊಂದಕ್ಕೂ ಒಂದು ನಕಲು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದು ಕಡೆಯಾದರೂ ಉಳಿಯಲಿ ಎಂದು ನಕಲುಗಳು ತಮ್ಮನ ಮನೆಯ ಬೀರುವಿನಲ್ಲಿ. ಯಾವ ಡಿಸ್ಕಿನಲ್ಲಿ ಯಾರ ಮುಖವಿದೆ ಎಂಬುದಕ್ಕೆ ನೋಟ್‌ಬುಕ್ಕು. ಆರು ತಿಂಗಳಿಗೊಮ್ಮೆ ಹಾಲಿನ ಟಿವಿಗೆ ಚುಚ್ಚಿ ಎಲ್ಲವನ್ನೂ ಓಡಿಸಿ ನೋಡುವ ಶಿಸ್ತು. ಇಷ್ಟೆಲ್ಲ ಮಾಡಿದರೂ ಚಿತ್ರವಷ್ಟೇ ಬರುತ್ತಿತ್ತು, ಒಂದು ಪಿಸುಮಾತೂ ಇಲ್ಲ.

"ಮೈಕ್ ಆನ್ ಮಾಡೋಕೇ ಮರೆತಿದ್ದಾಳೆ ಮಹಾರಾಯ್ತಿ," ಎಂದು ದೊಡ್ಡಪ್ಪ ಬಂದವರೆದುರೆಲ್ಲ ನಗುತ್ತಿದ್ದರು. ಇದ್ದರೂ ಇರಬಹುದು ಎಂದು ಕೊನೆಗೆ ದೊಡ್ಡಮ್ಮನೂ ನಂಬಿಬಿಟ್ಟಿದ್ದರು. ನಗೆಯನ್ನು ಹೇಗೋ ನುಂಗಿಕೊಂಡಿದ್ದರು. ನುಂಗಲಾಗದ್ದು ಒಂದೇ: ಎರಡನೇ ಡಿಸ್ಕಿನಲ್ಲಿ ತೀರಿಹೋದ ತಂಗಿಯಿದ್ದಳು. ಅವಳು ಹೋದಾಗ ಅವಳ ಮಗಳು ಪುಟ್ಟಿಗೆ ಒಂದೂವರೆ ವರ್ಷ.

ಪುಟ್ಟಿಗೆ ಈಗ ಇಪ್ಪತ್ತೇಳು. ಭಾನುವಾರ ಬೆಳಿಗ್ಗೆ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ದೊಡ್ಡಮ್ಮಾ, ಅಮ್ಮನ ಮುಖ ಫೋಟೋದಲ್ಲೂ ಇದೆ. ದನಿ ಹೇಗಿತ್ತು ಅಂತ ಒಂದ್ಸಲ ಕೇಳ್ಬೇಕು. ಏನೂ ಮಾಡಕ್ಕಾಗಲ್ವಾ?"

 ದೊಡ್ಡಮ್ಮ ಎರಡನೇ ಡಿಸ್ಕು ಹಾಕಿದರು. ತಂಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಏನೋ ಹೇಳುತ್ತಿದ್ದಾಳೆ, ತುಟಿ ಮಾತ್ರ ಆಡುತ್ತಿದೆ. ದೊಡ್ಡಮ್ಮ ವಾಲ್ಯೂಮ್ ಪೂರ್ತಿ ಏರಿಸಿ, ಸ್ಪೀಕರಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಹಳೆಯ ಕಸುಬಿನ ಕಿವಿಯಿಂದ ಕೇಳಿದರು.

"ಮೈಕ್ ಕೈ ಕೊಟ್ಟಿದ್ರೆ ಗೊರಗೊರ ಅಂತಾದ್ರೂ ಅನ್ನಬೇಕಿತ್ತು. ಇಲ್ಲಿ ಏನೇನೂ ಇಲ್ಲ. ಮಾತು ಬೇರೆ ದಾರೀಲಿ ಹೋಗ್ತಿದೆ. ರೀ, ಎಡಗಡೆ ಸ್ಪೀಕರ್ ಎಲ್ಲಿ?"

ದೊಡ್ಡಪ್ಪ ಪತ್ರಿಕೆಯನ್ನು ಮುಖದವರೆಗೆ ಎತ್ತಿಕೊಂಡರು. "ಅದು ನಿನ್ನ ಡಿಸ್ಕು ಬರೋಕೆ ಮುಂಚೇನೇ ಕೆಟ್ಟಿತ್ತಲ್ಲ. ವೈರ್ ಕಿತ್ತು ಅಟ್ಟಕ್ಕೆ ಹಾಕಿದೀನಿ. ಬಲಗಡೇದೊಂದೇ ಸಾಕು, ಸಿನಿಮಾ, ವಾರ್ತೆ ಎಲ್ಲಾ ಚೆನ್ನಾಗೇ ಕೇಳುತ್ತಲ್ಲ!"

"ಸಿನಿಮಾದವರು ಎರಡೂ ಕಡೆ ಸದ್ದು ತುಂಬಿರ್ತಾರೆ. ನನ್ನ ಮೈಕ್ ಎಡಗಡೆ ಮಾತ್ರ ತುಂಬಿದ್ರೆ?"

ಅರವತ್ತೆಂಟರ ಮಂಡಿನೋವನ್ನು ಮರೆತು ದೊಡ್ಡಮ್ಮ ಟಿವಿ ಮೇಜಿನ ಹಿಂದೆ ತೂರಿಕೊಂಡರು. ಸ್ಪೀಕರುಗಳಿಗೆ ಸದ್ದು ಕಳಿಸುವ ಆಂಪ್ಲಿಫೈಯರಿನಲ್ಲಿ ಬಲಗಡೆಯ ವೈರನ್ನು ಬಿಚ್ಚಿ ಎಡಗಡೆಯ ತೂತಿಗೆ ಸಿಕ್ಕಿಸಿದರು.

"ಭಾವಾ, ಪಕ್ಕಕ್ಕೆ ಸರೀರಿ! ಅಕ್ಕನ ಕ್ಯಾಮೆರಾಗೆ ಅಡ್ಡ ನಿಂತಿದ್ದೀರಿ!" ತಂಗಿಯ ದನಿ ಗೋಡೆ ಅದುರುವಂತೆ ಬಂತು.

ದೊಡ್ಡಪ್ಪ ಕುರ್ಚಿ ಸಮೇತ ಪಕ್ಕಕ್ಕೆ ಸರಿದರು. ಧೂಳು ಮೆತ್ತಿದ ಮುಖದಲ್ಲೇ ದೊಡ್ಡಮ್ಮ ಎದ್ದು ನಿಂತು ಬೀಗಿದರು. ಗಂಡನಿಗೆ ನಾಲ್ಕು ಮಾತು ಬಿಗಿಯಲು ಬಾಯಿ ತೆರೆದವರು ಪುಟ್ಟಿಯ ಮುಖ ನೋಡಿ ಟಿವಿಯ ಕಡೆಗೆ ತಿರುಗಿದರು.

ಪರದೆಯ ಮೇಲೆ ತಂಗಿ ಮಗುವಿನ ಗಲ್ಲ ಹಿಡಿದು ಗೋಗರೆಯುತ್ತಿದ್ದಳು. "ಎಲ್ಲಿ, ಅಮ್ಮ ಅನ್ನು ನೋಡೋಣ. ಅಮ್ಮ. ಒಂದೇ ಒಂದ್ಸಲ ಅನ್ನೇ ಬಂಗಾರಿ." ಮಗು ಬೆರಳು ಚೀಪುತ್ತಾ ಕ್ಯಾಮೆರಾವನ್ನೇ ದಿಟ್ಟಿಸುತ್ತಿತ್ತು.

"ಅಮ್ಮಾ," ಎಂದಳು ಹಾಲಿನಲ್ಲಿ ನಿಂತಿದ್ದ ಪುಟ್ಟಿ, ಗಟ್ಟಿಯಾಗಿ.

ಮೂಕಿ ಚಿತ್ರದ ಮಾತು ಬೀದಿಗೂ ಕೇಳಲೆಂದು ದೊಡ್ಡಮ್ಮ ಹೋಗಿ ಆ ಕಡೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟರು.