ಚಿಕ್ಕಮ್ಮನ ಕೈಗುಣ

ಚಿಕ್ಕಮ್ಮ, ಗಿರಿಜಳ ಎಡಗಿವಿ ಹೋದದ್ದು ನಿನ್ನಿಂದಲ್ಲ. ಆ ಯುಗಾದಿಯ ಬೆಳಿಗ್ಗೆ ಅವಳ ಕಿವಿಗೆ ಎಣ್ಣೆ ಬಿಡಬಾರದು ಎಂದು ಬಿಳಿಗೆರೆಯ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಸುಳ್ಳು — ಬಾಯಿಬಿಟ್ಟು ಒಂದು ಮಾತಾಡಿದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದರ ಬೇರು ಇನ್ನೂ ಹಿಂದಿದೆ. ತಿಪಟೂರಿನ ಕೊಬ್ಬರಿ ಮಂಡಿಯವನ ಮಗಳು ಗಗನಸಖಿಯಾದಳು ಎಂದು ನೆಂಟರೆಲ್ಲ ನನ್ನನ್ನು ಮದುವೆ ಮನೆಗಳಲ್ಲಿ ಮುಂದೆ ಕೂರಿಸುತ್ತಿದ್ದ ಕಾಲ. ಅಪ್ಪನೊಬ್ಬ ಮಾತ್ರ ಮುಖ ಗಂಟು ಹಾಕಿಕೊಂಡೇ ಇದ್ದ. ನಿನ್ನ ಮಗಳು ಗಿರಿಜ ಡಿಗ್ರಿ ಮುಗಿಸಿ, ಅಕ್ಕನ ಹಾಗೆ ನಾನೂ ವಿಮಾನದ ಕೆಲಸಕ್ಕೇ ಸೇರುತ್ತೇನೆ ಎಂದು ಹಟ ಹಿಡಿದಾಗ ಚಿಕ್ಕಪ್ಪ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದ:

"ನಿಜ ಹೇಳು ಕಣಮ್ಮ. ಆ ಕೆಲಸದಾಗೆ ಅಪಾಯ ಐತಾ?"

"ನಮ್ಮ ತುಮಕೂರು ಬಸ್ಸಲ್ಲಿ ಇರೋವಷ್ಟೂ ಇಲ್ಲ ಚಿಕ್ಕಪ್ಪ. ಏನಾಗಲ್ಲ, ಕಳ್ಸು."

ವಿಮಾನ ಬೀಳುವ ಮಾತಾದರೆ ನಾನು ಹೇಳಿದ್ದು ನಿಜವೇ. ಆದರೆ ಆತ ಕೇಳಿದ್ದು ಅಷ್ಟನ್ನೇ ಅಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಳಿಗೆ ಸಿಕ್ಕಿ ವಿಮಾನ ಎಗರಿದಾಗ ಊಟದ ತಳ್ಳುಗಾಡಿ ಬಂದು ನನ್ನ ಸೊಂಟಕ್ಕೆ ಬಡಿದದ್ದು, ಕುದಿಯುವ ನೀರು ಚೆಲ್ಲಿ ತೊಡೆ ಬೆಂದದ್ದು, ಹೊತ್ತುಗೊತ್ತಿಲ್ಲದ ನಿದ್ದೆಯಿಂದ ತಿಂಗಳ ಮುಟ್ಟಿನ ಲೆಕ್ಕವೇ ತಪ್ಪಿದ್ದು — ಒಂದನ್ನೂ ಹೇಳಲಿಲ್ಲ. ಹೇಳಿದ್ದರೆ ಸಂಜೆಯೊಳಗೆ ಮಂಡಿಗೆ ಸುದ್ದಿ ಮುಟ್ಟುತ್ತಿತ್ತು, ನಾನು ಅವತ್ತೇ ಬಡ್ಕೊಂಡೆ ಎಂದು ಅಪ್ಪ ಶುರು ಹಚ್ಚಿಕೊಳ್ಳುತ್ತಿದ್ದ. ನನ್ನ ಜಂಬ ಚಿಕ್ಕಮ್ಮ, ಬೇರೇನೂ ಅಲ್ಲ.

ಗಿರಿಜ ಸೇರಿದಳು. ನಮ್ಮ ಕಂಪನಿಗೇ, ನಾನು ಮೇಲಿನವರಿಗೆ ಹೇಳಿದ್ದರಿಂದ. ಮರುವರ್ಷದ ಯುಗಾದಿಗೆ ಇಬ್ಬರಿಗೂ ರಜೆ ಸಿಕ್ಕಿತ್ತು. ಹೊರಡುವ ಮುಂಚಿನ ಕೊನೆಯ ಡ್ಯೂಟಿಯ ದಿನ ಅವಳಿಗೆ ವಿಪರೀತ ನೆಗಡಿ. ಮೂಗು ಕಟ್ಟಿದೆ ಅಕ್ಕ, ಹುಷಾರಿಲ್ಲ ಅಂತ ಹೇಳಿಬಿಡಲಾ ಎಂದು ಕೇಳಿದಳು. ನೆಗಡಿಯಿದ್ದಾಗ ಹಾರಬಾರದು, ಇಳಿಯುವಾಗ ಕಿವಿ ಒಡೆಯಬಹುದು — ತರಬೇತಿಯ ಮೊದಲ ಪಾಠಗಳಲ್ಲೇ ಅದೂ ಒಂದು. ಆದರೆ ಹೊಸಬಳು ಹಬ್ಬದ ಮುಂದೆ ರಜೆ ಹಾಕಿದರೆ ನಾಟಕ ಎನ್ನುತ್ತಾರೆ, ಶಿಫಾರಸು ಮಾಡಿದ ನನ್ನ ಹೆಸರೂ ಬರುತ್ತದೆ. ಏನಾಗಲ್ಲ, ಒಂದು ಮಾತ್ರೆ ನುಂಗಿ ಹೋಗು ಎಂದೆ.

ಅವಳು ಎಡಗಿವಿಗೆ ಹತ್ತಿ ತುರುಕಿಕೊಂಡು ವಾಪಸು ಬಂದಳು. ಹತ್ತಿಯಲ್ಲಿ ರಕ್ತದ ಕಲೆ. ನೋಡಿದ ತಕ್ಷಣ ನನಗೆ ಗೊತ್ತಾಯಿತು. ನನ್ನ ಜೊತೆಯವಳೊಬ್ಬಳಿಗೆ ಹೀಗೇ ಆಗಿತ್ತು. ಕಿವಿಯ ಪೊರೆ ಹರಿದಿದೆ, ಒಂದು ತೊಟ್ಟು ನೀರೂ ಒಳಗೆ ಹೋಗಬಾರದು, ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೂಡಿಕೊಂಡಿತ್ತು ಕೂಡ. ಗಿರಿಜಳಿಗೆ ನಾನು ಅದೊಂದನ್ನೂ ಹೇಳಲಿಲ್ಲ. ಹೆದರಿ ಅತ್ತುಬಿಟ್ಟರೆ, ಯಾರು ಕಳಿಸಿದ್ದು ಎಂದು ಮನೆಯಲ್ಲಿ ಕೇಳಿದರೆ — ಶೀತ ಅಷ್ಟೆ, ಮನೆಯಲ್ಲಿ ಬಾಯಿಬಿಡಬೇಡ ಎಂದೆ.

ಯುಗಾದಿಯ ಬೆಳಿಗ್ಗೆ ನೀನು ಎಲ್ಲರ ನೆತ್ತಿಗೂ ಎಣ್ಣೆ ಒತ್ತುತ್ತಿದ್ದೆ. ನಮ್ಮ ತೋಟದ ಕೊಬ್ಬರಿಯದೇ ಎಣ್ಣೆ. ಕಿವಿನೋವು, ಹೊಟ್ಟೆನುಲಿತ ಎಂದು ಬಿಳಿಗೆರೆಯ ಮಕ್ಕಳನ್ನೆಲ್ಲ ನಿನ್ನ ಬಾಗಿಲಿಗೇ ಕರೆತರುತ್ತಿದ್ದರು. ನಿನ್ನ ಕೈಗುಣ ಅಂಥದ್ದು. ಮಗಳು ಕಿವಿ ಹಿಡಿದುಕೊಂಡಿದ್ದನ್ನು ಕಂಡು, ಸೌಟಿನಲ್ಲಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಆರಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು. ಅಕ್ಕ, ಎಣ್ಣೆ ಬಿಡಿಸ್ಕೊಳ್ಳಲಾ ಎಂದು ಕೇಳುವ ನೋಟ. ಬೇಡ ಎಂದು ಒಂದೇ ಒಂದು ಮಾತು ಸಾಕಿತ್ತು — ಎಂದಿದ್ದರೆ ಯಾಕೆ ಬೇಡ ಎಂದು ನೀನು ಕೇಳುತ್ತಿದ್ದೆ. ಆಗ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

"ಬಿಡುಸ್ಕೊಳೇ," ಎಂದೆ. "ಏನಾಗಲ್ಲ."

ಹಬ್ಬ ಕಳೆದ ಮೇಲೆ ಕಿವಿ ಸೋರಿತು, ಜ್ವರ ಏರಿತು. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಪೊರೆ ಹರಿದ ಕಿವಿಗೆ ಎಣ್ಣೆ ಬಿಟ್ಟವರು ಯಾರು ಎಂದು ಎಲ್ಲರೆದುರು ರೇಗಿದರು. ಒಳಗೆಲ್ಲ ಕೀವು ತುಂಬಿದೆ, ಹಾಗೇ ಬಿಟ್ಟಿದ್ದರೆ ವಾಸಿಯಾಗುತ್ತಿತ್ತು ಎಂದರು. ನೀನು ಸೆರಗು ಹೊದ್ದುಕೊಂಡು ಮುಂದೆ ಬಂದು, ನಾನೇ ಸ್ವಾಮಿ ಎಂದೆ. ನಾನು ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನ ನಾಲಿಗೆ ಬಿದ್ದುಹೋಗಿತ್ತೇ? ಇಲ್ಲ. ಹೊರಗೆ ಬಂದು ಆಯಾ ಜೊತೆ ಬಿಸಿನೀರಿಗೆ ಜಗಳವಾಡಿದೆ, ಅದಕ್ಕೆ ಮಾತ್ರ ಬಾಯಿತ್ತು.

ಆಪರೇಷನ್ ಆದರೂ ಆ ಕಿವಿ ಕೇಳಿಸಲಿಲ್ಲ. ಕೆಲಸ ಹೋಯಿತು. ನಾನು ಮಾತ್ರ ಇನ್ನೂ ಎಷ್ಟೋ ವರ್ಷ ಹಾರಿದೆ. ವಿಮಾನ ಬರೀ ಪೊರೆ ಹರೀತು, ಕಿವಿ ಕೊಂದೋಳು ನಾನು ಎಂದು ನೀನು ಬಂದವರಿಗೆಲ್ಲ ಹೇಳಿಕೊಂಡು ಅಳುವುದನ್ನು ಕೇಳಿಸಿಕೊಂಡು, ನಿನ್ನ ಬೆನ್ನು ಸವರಿ ಸಮಾಧಾನ ಮಾಡಿದ್ದೇನೆ. ಸಮಾಧಾನ! ಬರೆಯುವಾಗ ನನಗೇ ಹೇಸಿಗೆಯಾಗುತ್ತಿದೆ. ಗಿರಿಜ ಇವತ್ತಿಗೂ, ಪೊರೆ ಹರಿದದ್ದು ಅಕ್ಕನಿಗೂ ಗೊತ್ತಿರಲಿಲ್ಲ ಎಂದೇ ನಂಬಿದ್ದಾಳೆ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನಗುನಗುತ್ತ ಮಾತಾಡುತ್ತಾಳೆ. ಚಿಕ್ಕಪ್ಪ ತೀರಿಕೊಂಡ. ಅಪಾಯ ಐತಾ ಎಂದು ಆತ ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಲು ಇನ್ನು ಆತನೇ ಇಲ್ಲ.

ಮೊನ್ನೆಯ ಯುಗಾದಿಗೆ ಗಿರಿಜಳ ಮಗಳು ಎಣ್ಣೆ ಬಟ್ಟಲು ಹಿಡಿದು ಅಜ್ಜಿ, ಹಚ್ಚು ಎಂದು ನಿನ್ನ ಮುಂದೆ ಕೂತಿತು. ನೀನು ಕೈ ಹಿಂದಕ್ಕೆಳೆದುಕೊಂಡು ಬಟ್ಟಲನ್ನು ನನ್ನತ್ತ ಸರಿಸಿದೆ.

"ನೀನೇ ಹಚ್ಚಮ್ಮ. ನನ್ನ ಕೈ ಒಳ್ಳೇದಲ್ಲ."

ನಾನು ಹಚ್ಚಿದೆ. ಆ ಮಗುವಿನ ನೆತ್ತಿಗೆ, ಈ ಕೈಯಿಂದ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬಿಳಿಗೆರೆಗೆ ಬರುತ್ತೇನೆ. ಗಿರಿಜಳ ಬಲಗಡೆ ಕೂತು, ಅವಳಿಗೆ ಒಂದು ಮಾತೂ ತಪ್ಪದ ಹಾಗೆ, ನಿಮ್ಮಿಬ್ಬರಿಗೂ ಓದಿ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಬಯ್ಯಿ, ಮನೆಯಿಂದ ಎಬ್ಬಿಸು, ನಿನ್ನಿಷ್ಟ. ಆದರೆ ಎಣ್ಣೆ ಬಟ್ಟಲನ್ನು ಮಾತ್ರ ಇನ್ನು ನನ್ನತ್ತ ಸರಿಸಬೇಡ ಚಿಕ್ಕಮ್ಮ. ಆ ಮಗುವಿಗೆ ನೀನೇ ಹಚ್ಚಬೇಕು.