ನೊರೆ ಆಂಟಿ

ಕೊಡಿಗೇಹಳ್ಳಿಯ ನಮ್ಮ ಪಕ್ಕದ ಮನೆಯ ಆಂಟಿ ವಾಷಿಂಗ್ ಮಷೀನಿನ ನೀರನ್ನು ಮೋರಿಗೆ ಬಿಟ್ಟವರಲ್ಲ. ಪೈಪನ್ನು ಬಕೆಟ್‌ಗೆ ಇಳಿಬಿಟ್ಟು, ಹಸು ಕರೆಯುವವರಂತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕೇಳಿದರೆ, "ಚೆಲ್ಲೋಕೇನ್ ಅವಸರ ಕಣ್ರೀ?" ಎನ್ನುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ನೊರೆ ಆಂಟಿ ಎನ್ನುತ್ತಿದ್ದೆವು.

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಉಪ್ಪಿಟ್ಟು ತಿಂದ ಹುಡುಗನ ಅಪ್ಪ ಹೊಟ್ಟೆ ಸವರಿಕೊಂಡು, ಟಾಯ್ಲೆಟ್ ಎಲ್ಲಿ ಎಂದರು. ಅಮ್ಮನ ಮುಖ ಬಿಳಿಚಿಕೊಂಡಿತು. ನಾನು ಓಡಿಹೋಗಿ ಹೇಳಿದ್ದೇ ತಡ, ಆಂಟಿ ಸೆರಗು ಸಿಕ್ಕಿಸಿ, ಹಿಂಬಾಗಿಲಿಂದ ಎರಡು ಬಕೆಟ್ ನೊರೆನೀರು ತಂದಿಟ್ಟರು.

ಹೊರಬಂದ ಹಿರಿಯರು, "ಟಾಯ್ಲೆಟ್ ಕೂಡ ಘಮಘಮ ಅಂತಿದೆ! ಎಷ್ಟ್ ಚೆನ್ನಾಗಿ ಇಟ್ಕೊಂಡಿದೀರಿ," ಎಂದು ಮೆಚ್ಚಿದರು. ಆಂಟಿ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು, "ಎಲ್ಲಾ ನಮ್ಮ್ ಹುಡುಗಿ ಕೈಗುಣ ಕಣ್ರೀ," ಎಂದರು.